ಎರೆಮಣ್ಣಿನ ದಾರಿ ಗಟ್ಟಿ ಮಾಡುವುದು: ಸುಣ್ಣ, ಹಾರುಬೂದಿ, ಸ್ಲ್ಯಾಗ್ ಬಳಸುವ ಕ್ರಮ

ನಾನು ಹುಟ್ಟಿದ್ದು ಮೂಡಿಗೆರೆ ಕಡೆಯ ಕೆಂಪು ಮಣ್ಣಿನಲ್ಲಿ. ಮದುವೆಯಾಗಿ ಬಂದದ್ದು ಅಜ್ಜಂಪುರ ಕಡೆಯ ಎರೆಮಣ್ಣಿಗೆ. ಎರಡೂ ಚಿಕ್ಕಮಗಳೂರು ಜಿಲ್ಲೆಯೇ. ತವರಿನಲ್ಲಿ ಮೂರು ತಿಂಗಳು ಬಿಡದೆ ಮಳೆ ಹಿಡಿದರೂ ಅಂಗಳದ ನೆಲ ಏಳುವುದಿಲ್ಲ, ಇಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಕೈ ಇಳಿಸಿದರೆ ಮೊಣಕೈವರೆಗೂ ಹೋಗುತ್ತದೆ. ಮಳೆ ಬಿದ್ದ ಮರುದಿನ ಅದೇ ಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿ ಎತ್ತಲಾರದಷ್ಟು ಮಣ್ಣು ಅಂಟುತ್ತದೆ. ನಮ್ಮ ಮನೆಯ ಹಿತ್ತಿಲ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಕೂರುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ.

ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿದ್ದೆ. ಇಲ್ಲಿಗೆ ಬಂದ ಮೇಲೆ ಸಣ್ಣ ಸಣ್ಣ ಕೆಲಸ ಹಿಡಿಯತೊಡಗಿದೆ. ತೋಟಕ್ಕೆ ಹೋಗುವ ದಾರಿ, ಈರುಳ್ಳಿ ಶೆಡ್ಡಿನ ಮುಂದಿನ ಅಂಗಳ, ಟ್ರ್ಯಾಕ್ಟರ್ ನಿಲ್ಲಿಸುವ ಜಾಗ, ಗೋಡೌನಿನ ನೆಲದ ಅಡಿಪದರ. ಕಡೂರು, ತರೀಕೆರೆ, ಅರಸೀಕೆರೆ ಕಡೆ ಎರೆಭೂಮಿ ಇರುವವರಿಗೆ ಇಂಥ ಕೆಲಸವೇ ಜಾಸ್ತಿ ಬೇಕಾಗುವುದು. ಈ ಬರಹವೂ ಅದಕ್ಕೇ. ಮನೆಯ ಪಾಯದ ವಿಚಾರ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನನ್ನ ಮೊದಲ ಕೆಲಸ ನಮ್ಮ ಮಾವನವರ ಅಡಿಕೆ ತೋಟದ ದಾರಿ. ಹಾರುಬೂದಿ (ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆಯ ಬೂದಿ) ತಂದುಕೊಟ್ಟವರೊಬ್ಬರು, "ಸುಣ್ಣ ಎಲ್ಲ ಬೇಡ, ಬೂದಿ ಒಂದೇ ಸಾಕು, ಸಿಮೆಂಟ್ ಥರ ಕೂರುತ್ತೆ" ಎಂದರು. ನಂಬಿದೆ. ಮಣ್ಣಿನ ತೂಕದ ಐದನೇ ಒಂದು ಪಾಲು ಹಾರುಬೂದಿ ಹಾಕಿಸಿ ರೋಲರ್ ಓಡಿಸಿದೆ. ಬೇಸಿಗೆಯಲ್ಲಿ ನೋಡಲು ಚೆನ್ನಾಗಿತ್ತು. ಜುಲೈನಲ್ಲಿ ಟ್ರ್ಯಾಕ್ಟರ್ ಆಕ್ಸಲ್‌ವರೆಗೆ ಹೂತುಕೊಂಡಿತು. ಅದನ್ನು ಎಳೆದು ತೆಗೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕಾಯಿತು. ಆಮೇಲೆ ಓದಿ, ಕೇಳಿ, ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಅದೇ ತಪ್ಪಿಗೆ ದುಡ್ಡು ಹಾಕಬಾರದು.

ಮಣ್ಣು ಯಾಕೆ ಉಬ್ಬುತ್ತದೆ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ವೀಳ್ಯದೆಲೆಯ ಕವಳಿಗೆ ನೆನೆಸಿಕೊಳ್ಳಿ. ಎಲೆ ಮೇಲೆ ಎಲೆ ಜೋಡಿಸಿದ ಹಾಗೆ ಅದು ಪದರ ಪದರವಾಗಿ ಇರುತ್ತದೆ. ಪದರಗಳ ನಡುವೆ ನೀರು ಹೊಕ್ಕರೆ ಕಟ್ಟು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಮಲೆನಾಡಿನ ಕೆಂಪು ಮಣ್ಣಿನಲ್ಲಿ ಇರುವುದು ಹೆಚ್ಚಾಗಿ ಕೆಯೊಲಿನೈಟ್. ಅದರ ಪದರಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ನಡುವೆ ನೀರಿಗೆ ಜಾಗ ಇಲ್ಲ.

ಸುಣ್ಣ ಹಾಕಿದಾಗ ಎರಡು ಕೆಲಸ ಆಗುತ್ತವೆ. ಮೊದಲನೆಯದು ಬೇಗ ಆಗುತ್ತದೆ, ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ. ಸುಣ್ಣದ ಕ್ಯಾಲ್ಸಿಯಂ ಹೋಗಿ ಪದರಗಳ ಮೇಲೆ ಕೂರುತ್ತದೆ, ಪದರಗಳು ಹತ್ತಿರ ಬರುತ್ತವೆ, ಅಂಟು ಮಣ್ಣು ರವೆಯಂತೆ ಕಾಳು ಕಾಳಾಗುತ್ತದೆ. ಎರಡನೆಯದು ನಿಧಾನ, ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ. ಸುಣ್ಣದ ಖಾರಕ್ಕೆ ಮಣ್ಣಿನ ಸಿಲಿಕಾ ಮತ್ತು ಅಲ್ಯುಮಿನಾ ಕರಗಿ, ಕ್ಯಾಲ್ಸಿಯಂ ಜೊತೆ ಸೇರಿ, ಸಿಮೆಂಟಿನಲ್ಲಿ ಆಗುವಂಥದ್ದೇ ಒಂದು ಅಂಟು ಕಟ್ಟುತ್ತದೆ. ಹಾರುಬೂದಿ ಬೇಕಾಗುವುದು ಈ ಎರಡನೇ ಕೆಲಸಕ್ಕೆ. ಅದರಲ್ಲಿ ಸಿಲಿಕಾ, ಅಲ್ಯುಮಿನಾ ಧಾರಾಳವಾಗಿವೆ. ಆದರೆ ನಮ್ಮ ದೇಶದ ಕಲ್ಲಿದ್ದಲಿನ ಬೂದಿಯಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಸುಣ್ಣ ಕೊಡದೆ ಅದು ಸುಮ್ನೆ ಬೂದಿಯಾಗಿಯೇ ಉಳಿಯುತ್ತದೆ. ನನ್ನ ಮೊದಲ ದಾರಿ ಕೆಟ್ಟದ್ದು ಇದೇ ಕಾರಣಕ್ಕೆ.

ಯಾವ ಬೂದಿ, ಎಲ್ಲಿಂದ

ನಮ್ಮ ರಾಜ್ಯದಲ್ಲಿ ಹಾರುಬೂದಿ ಬರುವುದು ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ವಿದ್ಯುತ್ ಸ್ಥಾವರಗಳಿಂದ. ಇವೆರಡರಲ್ಲಿ ಹತ್ತಿರದ ಕುಡತಿನಿಯೇ ನಮಗೆ ಇನ್ನೂರು ಕಿಲೋಮೀಟರಿಗಿಂತ ದೂರ. ಸಣ್ಣ ಕೆಲಸಕ್ಕೆ ಅಷ್ಟು ದೂರದಿಂದ ಬಲ್ಕರ್ (ಬೂದಿ ಸಾಗಿಸುವ ಟ್ಯಾಂಕ್ ಲಾರಿ) ತರಿಸಿದರೆ ಬಾಡಿಗೆಯೇ ಜಾಸ್ತಿ ಆಗುತ್ತದೆ. ಹಾರುಬೂದಿ ಇಟ್ಟಿಗೆ ಮಾಡುವವರ ಹತ್ತಿರ ಐದು ಹತ್ತು ಟನ್ ಕೇಳಿ ನೋಡಿ. ಬೂದಿ ಬಳಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲೇ ಅಧಿಸೂಚನೆ ಹೊರಡಿಸಿತ್ತು, 2021ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ಸ್ಥಾವರದಿಂದ 300 ಕಿಲೋಮೀಟರ್ ಒಳಗಿನ ರಸ್ತೆ, ಕಟ್ಟಡದ ಕೆಲಸಗಳು ಈ ಹೊಸದರ ವ್ಯಾಪ್ತಿಗೆ ಬರುತ್ತವೆ. ಪಂಚಾಯಿತಿ ರಸ್ತೆಯ ಕೆಲಸವಾದರೆ ಈ ಮಾತು ಎತ್ತಿ ಕೇಳಿ. ತರುವಾಗ ಒಣ ಬೂದಿಯನ್ನೇ ತನ್ನಿ. ಹೊಂಡದಲ್ಲಿ ವರ್ಷಗಟ್ಟಲೆ ನೀರಿನಲ್ಲಿ ನಿಂತ ಬೂದಿಗೆ ಚುರುಕು ಕಡಿಮೆ. ಮಣ್ಣು ಏರಿಸಲು ಅದು ಆದೀತು, ಅಂಟು ಕಟ್ಟಲು ಆಗದು.

ಎರಡನೆಯದು ಕಬ್ಬಿಣದ ಕಾರ್ಖಾನೆಯ ಸ್ಲ್ಯಾಗ್, ಅಂದರೆ ಅದಿರಿನಿಂದ ಕಬ್ಬಿಣ ತೆಗೆದಾಗ ಉಳಿಯುವ ಕಿಟ್ಟ. ಊದುಕುಲುಮೆಯಲ್ಲಿ ಕರಗಿದ ಕಿಟ್ಟವನ್ನು ನೀರಿನಲ್ಲಿ ದಿಢೀರ್ ತಣಿಸಿದರೆ ಮರಳಿನಂಥ ಗಾಜಿನ ಕಾಳಾಗುತ್ತದೆ. ಅದನ್ನು ನುಣ್ಣಗೆ ಬೀಸಿದ್ದೇ ಜಿಜಿಬಿಎಸ್. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆ ಕಡೆಯಿಂದ ಬರುತ್ತದೆ, ಚೀಲದಲ್ಲೂ ಸಿಗುತ್ತದೆ. ಇದರಲ್ಲಿ ಸುಣ್ಣದ ಅಂಶ ತಕ್ಕಷ್ಟು ಇದೆ. ಹಾಗಾಗಿ ಸ್ವಲ್ಪ ಸುಣ್ಣ ಕೊಟ್ಟು ಎಬ್ಬಿಸಿದರೆ ಸಾಕು, ಹಾರುಬೂದಿಗಿಂತ ಬೇಗ ಗಟ್ಟಿಯಾಗುತ್ತದೆ. ಬೆಲೆ ಮಾತ್ರ ಬೂದಿಗಿಂತ ಜಾಸ್ತಿ.

ಇಲ್ಲಿ ಒಂದು ಎಚ್ಚರ. ಭದ್ರಾವತಿ ನಮಗೆ ಹತ್ತಿರ. "ಅಲ್ಲಿಯ ಹಳೆ ಕಿಟ್ಟ ತಂದು ಹಾಕಬಹುದಾ?" ಎಂದು ತರೀಕೆರೆ ಕಡೆಯವರು ಎಷ್ಟೋ ಸಲ ಕೇಳಿದ್ದಾರೆ. ಗಾಳಿಯಲ್ಲಿ ನಿಧಾನವಾಗಿ ಆರಿದ ಕಿಟ್ಟ ಜಲ್ಲಿಯ ಥರ, ಅದು ಮಣ್ಣನ್ನು ಅಂಟಿಸುವುದಿಲ್ಲ. ಉಕ್ಕು ಮಾಡುವಾಗ ಬರುವ ಕಿಟ್ಟ ಇನ್ನೂ ಬೇರೆ. ಅದರಲ್ಲಿ ಕರಗದೆ ಉಳಿದ ಸುಣ್ಣ ಇರುತ್ತದೆ, ನೀರು ತಾಗಿದಾಗ ಅದೇ ಉಬ್ಬುತ್ತದೆ. ಉಬ್ಬುವ ಮಣ್ಣಿಗೆ ಉಬ್ಬುವ ಕಿಟ್ಟ ಹಾಕಿದರೆ ಏನಾಗುತ್ತದೆ ಹೇಳಿ. ಯಾವ ಕುಲುಮೆಯದು, ಹೇಗೆ ಆರಿಸಿದ್ದು ಎಂದು ತಿಳಿಯದೆ ಒಂದು ಬುಟ್ಟಿಯನ್ನೂ ತರಬೇಡಿ.

ಮೂರನೆಯದು ರೈಸ್ ಮಿಲ್ಲಿನ ಉಮಿ ಬೂದಿ. ಉಮಿ ಸುಟ್ಟರೆ ತೂಕದ ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಆದರೆ ಸುಟ್ಟ ರೀತಿ ಮುಖ್ಯ. ಹದವಾದ ಶಾಖದಲ್ಲಿ, ಸುಮಾರು 700 ಡಿಗ್ರಿ ಒಳಗೆ, ಪೂರ್ತಿ ಸುಟ್ಟು ಬೂದುಬಿಳಿ ಬಣ್ಣಕ್ಕೆ ಬಂದ ಬೂದಿ ಒಳ್ಳೆಯದು. ಬಾಯ್ಲರಿನಿಂದ ಬರುವ ಕಪ್ಪು ಬೂದಿಯಲ್ಲಿ ಅರೆಬೆಂದ ಇದ್ದಿಲು ಇರುತ್ತದೆ. ಅದು ನೀರು ಕುಡಿಯುತ್ತದೆ, ಅಂಟು ಕಟ್ಟುವುದಿಲ್ಲ. ಇದಕ್ಕೂ ಸುಣ್ಣ ಬೇಕೇ ಬೇಕು.

ಅಸಿಟಿಲಿನ್ ಗ್ಯಾಸ್ ತಯಾರಿಸುವ ಕಡೆ ಕಾರ್ಬೈಡ್ ಸುಣ್ಣ ಎಂಬ ಕೆಸರು ಉಳಿಯುತ್ತದೆ. ಅದು ಬಹುಮಟ್ಟಿಗೆ ಅರಳಿದ ಸುಣ್ಣವೇ. ಸಿಕ್ಕಿದರೆ ಅಂಗಡಿ ಸುಣ್ಣದ ಬದಲು ಬಳಸಬಹುದು. ಒಣಗಿಸಿ, ಪುಡಿ ಮಾಡಿ, ಪರೀಕ್ಷೆ ಮಾಡಿಸಿ ಬಳಸಿ. ಬಹಳ ದಿನ ಗಾಳಿಗೆ ಬಿದ್ದಿದ್ದರೆ ಅದು ಸೀಮೆಸುಣ್ಣದಂತಾಗಿರುತ್ತದೆ, ಆಗ ಪ್ರಯೋಜನ ಇಲ್ಲ.

ಇನ್ನು ನಮ್ಮ ಚಿಕ್ಕಮಗಳೂರು, ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಫಿ ಹೊಟ್ಟು ರಾಶಿ ರಾಶಿ ಬೀಳುತ್ತದೆ. ಅದರ ಬೂದಿ ಹಾಕಬಹುದಾ ಎಂದು ನನ್ನ ತಮ್ಮನೇ ಕೇಳಿದ್ದ. ಬೇಡ. ಕಾಫಿ ಹೊಟ್ಟಿನ ಬೂದಿಯಲ್ಲಿ ಪೊಟ್ಯಾಶ್ ಜಾಸ್ತಿ, ಸಿಲಿಕಾ ಕಡಿಮೆ. ದಾರಿಗೆ ಹಾಕಿದರೆ ಮಳೆಯಲ್ಲಿ ತೊಳೆದು ಹೋಗುತ್ತದೆ. ಗಿಡದ ಬುಡಕ್ಕೆ ಹಾಕಿದರೆ ಗೊಬ್ಬರ. ಅದು ತೋಟದಿಂದ ಬಂದದ್ದು, ತೋಟಕ್ಕೇ ಹೋಗಲಿ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆ: ಎರಡು ಜಾಡಿ, ಒಂದು ದಿನ

ಕೆಲಸಕ್ಕೆ ಮೊದಲು ಈ ಪರೀಕ್ಷೆ ಮಾಡಿ. ಇದು ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಹೇಳಿದ್ದು. ಮನೆಯಲ್ಲೂ ಮಾಡಬಹುದು. ಮೇಲಿನ ಅರ್ಧ ಅಡಿ ಬೇರು, ಕಸದ ಮಣ್ಣು ಬಿಟ್ಟು ಕೆಳಗಿನ ಮಣ್ಣು ತೆಗೆಯಿರಿ. ಪೂರ್ತಿ ಒಣಗಿಸಿ, ಕುಟ್ಟಿ, ಸಣ್ಣ ಜರಡಿಯಲ್ಲಿ ಜರಡಿ ಹಿಡಿಯಿರಿ. ಲ್ಯಾಬಿನಲ್ಲಿ 425 ಮೈಕ್ರಾನ್ ಜರಡಿ ಬಳಸುತ್ತಾರೆ, ಮನೆಯಲ್ಲಿ ಮೈದಾ ಜರಡಿ ಸಾಕು. 10 ಗ್ರಾಂ, 10 ಗ್ರಾಂ ತೂಗಿ 100 ಮಿಲಿಯ ಎರಡು ಅಳತೆ ಜಾಡಿಗೆ ಹಾಕಿ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ. ಕಲಕಿ, ಗಾಳಿಗುಳ್ಳೆ ಬಿಡಿಸಿ, 24 ಗಂಟೆ ಮುಟ್ಟಬೇಡಿ.

ಸೀಮೆಎಣ್ಣೆ ಮಣ್ಣನ್ನು ಉಬ್ಬಿಸುವುದಿಲ್ಲ, ನೀರು ಉಬ್ಬಿಸುತ್ತದೆ. ನಮ್ಮ ದಾರಿಯ ಮಣ್ಣು ಸೀಮೆಎಣ್ಣೆಯಲ್ಲಿ 11 ಮಿಲಿ ಗೆರೆಗೆ ನಿಂತಿತ್ತು, ನೀರಿನಲ್ಲಿ 21ಕ್ಕೆ. ವ್ಯತ್ಯಾಸ 10. ಅದನ್ನು 11ರಿಂದ ಭಾಗಿಸಿದರೆ ಸುಮಾರು 91 ಪರ್ಸೆಂಟ್. 50ಕ್ಕಿಂತ ಕಡಿಮೆ ಬಂದರೆ ಹೆದರಬೇಕಾಗಿಲ್ಲ. 50ರಿಂದ 100 ಆದರೆ ಎಚ್ಚರ ಬೇಕು. 100 ದಾಟಿದರೆ ಕೆಟ್ಟ ಮಣ್ಣು, 200 ದಾಟಿದರೆ ತೀರಾ ಕೆಟ್ಟದ್ದು. ಹೆದ್ದಾರಿ ಕೆಲಸದಲ್ಲಿ 50 ದಾಟಿದ ಮಣ್ಣನ್ನು ಏರಿಗೆ ತುಂಬಲು ಬಿಡುವುದೇ ಇಲ್ಲ.

ಇನ್ನೊಂದು ಪರೀಕ್ಷೆ ಲ್ಯಾಬಿನಲ್ಲೇ ಮಾಡಿಸಿ: ಮಣ್ಣಿನಲ್ಲಿ ಸಲ್ಫೇಟ್ ಎಷ್ಟಿದೆ ಎಂದು. ಹೊಲಕ್ಕೆ ಜಿಪ್ಸಂ ಹಾಕಿದ್ದರಂತೂ ಬಿಡಲೇಬಾರದು. ಸಲ್ಫೇಟ್ ಜಾಸ್ತಿ ಇರುವ ಮಣ್ಣಿಗೆ ಸುಣ್ಣ ಹಾಕಿದರೆ ಎಟ್ರಿಂಗೈಟ್ ಎಂಬ ಹರಳು ಬೆಳೆದು, ಸುಣ್ಣ ಹಾಕದಿದ್ದಾಗ ಉಬ್ಬುತ್ತಿದ್ದುದಕ್ಕಿಂತ ಜಾಸ್ತಿ ಉಬ್ಬುತ್ತದೆ. 0.3 ಪರ್ಸೆಂಟ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅದಕ್ಕಿಂತ ಮೇಲೆ ಇದ್ದರೆ ಸುಣ್ಣ ಕಡಿಮೆ, ಸ್ಲ್ಯಾಗ್ ಹೆಚ್ಚು ಎಂಬ ದಾರಿ ಹಿಡಿಯಬೇಕು. ಆ ಲೆಕ್ಕವನ್ನು ಮಣ್ಣಿನ ಇಂಜಿನಿಯರ್ ಹತ್ತಿರವೇ ಮಾಡಿಸಿ.

ಎಷ್ಟು ಸುಣ್ಣ, ಎಷ್ಟು ಬೂದಿ

ಪಕ್ಕದ ಊರಿನವರು ಹಾಕಿದ ಪ್ರಮಾಣ ಕೇಳಿಕೊಂಡು ಬಂದು ಹಾಕಬೇಡಿ. ಒಂದೇ ಹೊಲದ ಮೇಲಿನ ಬದುವಿಗೂ ಕೆಳಗಿನ ಬದುವಿಗೂ ಮಣ್ಣು ಬೇರೆ ಇರುತ್ತದೆ. ಸುಣ್ಣದ ಪ್ರಮಾಣ ಕಂಡುಹಿಡಿಯಲು ಪಿಎಚ್, ಅಂದರೆ ಕ್ಷಾರ ಎಷ್ಟು ಏರಿದೆ ಎಂದು ನೋಡುವ ಪರೀಕ್ಷೆ ಇದೆ. 20 ಗ್ರಾಂ ಒಣ ಮಣ್ಣು, 100 ಮಿಲಿ ಬಟ್ಟಿ ಇಳಿಸಿದ ನೀರು. ಹೀಗೆ ಐದು ಬಾಟಲಿ ಮಾಡಿ. ಒಂದೊಂದಕ್ಕೆ ಮಣ್ಣಿನ ತೂಕದ 2, 3, 4, 5, 6 ಪರ್ಸೆಂಟ್ ಸುಣ್ಣ ಹಾಕಿ. ಒಂದು ಗಂಟೆ ಆಗಾಗ ಕುಲುಕಿ, ಪಿಎಚ್ ಮೀಟರಿನಲ್ಲಿ ನೋಡಿ. 12.4 ಮುಟ್ಟಿದ ಮೊದಲ ಬಾಟಲಿಯ ಪ್ರಮಾಣವೇ ನಿಮ್ಮ ಮಣ್ಣಿಗೆ ಬೇಕಾದ ಕನಿಷ್ಠ ಸುಣ್ಣ. ಎರೆಮಣ್ಣಿಗೆ ಸಾಮಾನ್ಯವಾಗಿ 3ರಿಂದ 6 ಪರ್ಸೆಂಟ್ ನಡುವೆ ಬರುತ್ತದೆ. ನಮ್ಮ ದಾರಿಗೆ 4 ಬಂತು.

ಬೂದಿಯನ್ನು ಸುಣ್ಣದ ಎರಡರಿಂದ ನಾಲ್ಕು ಪಾಲು ಇಟ್ಟುಕೊಂಡು ನೋಡಿ. ನಾನು 1ಕ್ಕೆ 3ರಿಂದ ಶುರು ಮಾಡುತ್ತೇನೆ. ಅಂದರೆ ಸುಣ್ಣ 4, ಬೂದಿ 12. ಆಮೇಲೆ ಉಂಡೆ ಪರೀಕ್ಷೆ. ಒಂದು ಕೆ.ಜಿ. ಒಣ ಪುಡಿ ಮಣ್ಣಿಗೆ 40 ಗ್ರಾಂ ಸುಣ್ಣ, 120 ಗ್ರಾಂ ಬೂದಿ. ಹದಕ್ಕೆ ನೀರು ಹಾಕಿ ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ. ಬರೀ ಸುಣ್ಣದ್ದು, ಬರೀ ಬೂದಿಯದ್ದು, ಏನೂ ಹಾಕದ್ದು, ಹೀಗೆ ಒಂದೊಂದು ಥರವೂ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಏಳು ದಿನ ನೆರಳಿನಲ್ಲಿ ಇಡಿ. ಎಂಟನೇ ದಿನ ಎಲ್ಲವನ್ನೂ ಒಂದು ಬೇಸಿನ್ ನೀರಿಗೆ ಬಿಡಿ.

ಏನೂ ಹಾಕದ ಉಂಡೆ ಕಣ್ಣೆದುರೇ ಸಿಪ್ಪೆ ಸಿಪ್ಪೆಯಾಗಿ ಕರಗಿ ಕುಸಿಯುತ್ತದೆ. ಬರೀ ಬೂದಿಯ ಉಂಡೆಯೂ ಹಾಗೇ. ಸುಣ್ಣ ಬೂದಿ ಎರಡೂ ಸೇರಿದ ಉಂಡೆ ಮರುದಿನವೂ ಇಟ್ಟ ಹಾಗೇ ಇರಬೇಕು. ಹೆಬ್ಬೆರಳಿನಲ್ಲಿ ಒತ್ತಿದರೆ ಗುಳಿ ಬೀಳಬಾರದು. ನಮ್ಮ ಮಾವನವರಿಗೆ ಈ ಬೇಸಿನ್ ತೋರಿಸಿದ ದಿನವೇ ಅವರು ಎರಡನೇ ಸಲ ದಾರಿ ಮಾಡಲು ಒಪ್ಪಿದ್ದು. "ಬೂದಿ ತಂದವನಿಗೂ ಇದನ್ನ ತೋರಿಸಮ್ಮ" ಎಂದರು.

ಲೆಕ್ಕ ಹೀಗೆ ಹಾಕಿ. 100 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿ, ರೋಲರ್ ಹೊಡೆದ ಮೇಲೆ 15 ಸೆಂಟಿಮೀಟರ್ ದಪ್ಪ ಬೇಕು. ಒಟ್ಟು 45 ಘನ ಮೀಟರ್. ಒಂದು ಘನ ಮೀಟರಿಗೆ ಒಣ ಮಣ್ಣು 1,500 ಕೆ.ಜಿ. ಎಂದುಕೊಂಡರೆ 67.5 ಟನ್. ಸುಣ್ಣ 4 ಪರ್ಸೆಂಟ್ ಅಂದರೆ 2,700 ಕೆ.ಜಿ. ಬೂದಿ 12 ಪರ್ಸೆಂಟ್ ಅಂದರೆ 8,100 ಕೆ.ಜಿ. ಒಂದು ಚದರ ಮೀಟರಿಗೆ ಸುಣ್ಣ 9 ಕೆ.ಜಿ., ಬೂದಿ 27 ಕೆ.ಜಿ. ಸುಣ್ಣ 25 ಕೆ.ಜಿ. ಚೀಲದಲ್ಲಿ ಬಂದರೆ 108 ಚೀಲ. ದಾರಿಯ ಉದ್ದಕ್ಕೆ 93 ಸೆಂಟಿಮೀಟರಿಗೆ ಒಂದು ಚೀಲ ಇಟ್ಟು, ಅಲ್ಲಲ್ಲೇ ಬಿಚ್ಚಿ, ಪೂರ್ತಿ ಅಗಲಕ್ಕೆ ಹರಡಿದರೆ ಅಳತೆ ತಪ್ಪುವುದಿಲ್ಲ. ಅಂದಾಜಿನಲ್ಲಿ ಬುಟ್ಟಿ ಎಸೆಯಲು ಬಿಡಬೇಡಿ.

ಸುಣ್ಣ ಕೊಳ್ಳುವಾಗ ಕ್ಯಾಲ್ಸಿಯಂ ಆಕ್ಸೈಡ್ 70 ಪರ್ಸೆಂಟಿಗೆ ಕಡಿಮೆ ಇಲ್ಲದ್ದನ್ನು ನೋಡಿ ತನ್ನಿ. ಚೀಲದ ಬಾಯಿ ಕಟ್ಟಿರಬೇಕು. ತೆರೆದಿಟ್ಟ ಸುಣ್ಣ ಗಾಳಿಗೆ ಸತ್ತುಹೋಗುತ್ತದೆ. ಇನ್ನೂ ಅರಳಿಸದ ಸುಟ್ಟ ಸುಣ್ಣದ ಕಲ್ಲಿಗಿಂತ ಅರಳಿದ ಸುಣ್ಣದ ಪುಡಿಯೇ ಸಣ್ಣ ಕೆಲಸಕ್ಕೆ ಒಳ್ಳೆಯದು. ಅರಳಿಸದ ಸುಣ್ಣ ನೀರು ತಾಗಿದರೆ ಕುದಿಯುತ್ತದೆ, ಕೈ ಸುಡುತ್ತದೆ.

ಹೆಂಟೆ ಒಡೆಯುವುದೇ ಅರ್ಧ ಕೆಲಸ

ಇಲ್ಲಿ ನಾನು ಸ್ವಲ್ಪ ಹೆಚ್ಚು ಹೇಳಬೇಕು. ಸುಣ್ಣ, ಬೂದಿ, ಪ್ರಮಾಣ ಎಲ್ಲ ಸರಿ ಇದ್ದೂ ಕೆಲಸ ಕೆಡುವುದು ಈ ಹಂತದಲ್ಲೇ.

ಮುದ್ದೆ ತಿರುವುವಾಗ ಗಂಟು ಉಳಿದರೆ ಏನಾಗುತ್ತದೆ ಗೊತ್ತಲ್ವಾ? ಮೇಲೆ ಬೆಂದಿರುತ್ತದೆ, ಒಡೆದರೆ ಒಳಗೆ ಹಸಿ ಹಿಟ್ಟು. ಎರೆಮಣ್ಣಿನ ಹೆಂಟೆಯೂ ಹಾಗೇ. ಸುಣ್ಣ ಬೂದಿ ಅದರ ಮೈಗೆ ಮೆತ್ತಿಕೊಳ್ಳುತ್ತವೆ, ಒಳಗೆ ಹೋಗುವುದಿಲ್ಲ. ರೋಲರ್ ಹೊಡೆದರೆ ಮೇಲೆ ನುಣ್ಣಗೆ ಕಾಣುತ್ತದೆ. ಮಳೆಯಲ್ಲಿ ಆ ಹೆಂಟೆ ಒಳಗಿನಿಂದ ಉಬ್ಬಿ ಪದರವನ್ನು ಒಡೆಯುತ್ತದೆ. ನನ್ನ ಎರಡನೇ ದಾರಿಯ ಒಂದು ತುದಿಯಲ್ಲಿ ಹೀಗೇ ಆಯಿತು. ಕತ್ತಲಾಯಿತೆಂದು ರೋಟವೇಟರ್ ಎರಡೇ ಸುತ್ತು ಹೊಡೆಸಿದ್ದೆ. ಮುಂದಿನ ವರ್ಷ ಅಗೆದು ನೋಡಿದರೆ ಮುಷ್ಟಿ ಗಾತ್ರದ ಹೆಂಟೆಗಳು, ಮೈಯೆಲ್ಲ ಬಿಳಿ, ಒಳಗೆ ಕಡುಗಪ್ಪು.

ಎರೆಮಣ್ಣು ಒಣಗಿದರೆ ಕಲ್ಲು, ನೆಂದರೆ ಅಂಟು. ನಡುವೆ ಒಂದು ಹದ ಇದೆ. ಉಳುಮೆ ಮಾಡುವವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಮಾವನವರು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ, ಹೆಬ್ಬೆರಳಿನಲ್ಲಿ ಒತ್ತಿ, "ಇವತ್ತು ಬೇಡ, ನಾಳೆ ಬೆಳಿಗ್ಗೆ" ಎನ್ನುತ್ತಿದ್ದರು. ಓದುವಾಗ ನಾವು ಇದನ್ನೇ ಸೂಕ್ತ ತೇವಾಂಶ ಎಂದು ಕಲಿತದ್ದು. ಉಂಡೆ ಕಟ್ಟಬೇಕು, ಒತ್ತಿದರೆ ಎರಡು ಹೋಳಾಗಬೇಕು, ಅಂಗೈ ಒದ್ದೆ ಆಗಬಾರದು.

ಕೆಲಸದ ಕಾಲ ಜನವರಿಯಿಂದ ಮಾರ್ಚ್. ಏಪ್ರಿಲ್‌ನಲ್ಲಿ ಮುಂಗಾರುಪೂರ್ವ ಮಳೆ ಯಾವಾಗ ಬೀಳುತ್ತದೋ ಹೇಳಲಾಗದು. ಆಷಾಢದ ಗಾಳಿಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಬಯಲಿನ ಗಾಳಿಗೆ ಅರ್ಧ ಬೂದಿ ಪಕ್ಕದವರ ಹೊಲದಲ್ಲಿರುತ್ತದೆ.

ಮೊದಲ ದಿನ ಮೇಲಿನ ಅರ್ಧ ಅಡಿ ಬೇರು ಮಣ್ಣು ತೆಗೆಸಿ ಹೊಲಕ್ಕೆ ಹಾಕಿ. ಅದರಲ್ಲಿನ ಗೊಬ್ಬರದ ಅಂಶ ಸುಣ್ಣದ ಕೆಲಸ ಕೆಡಿಸುತ್ತದೆ. ಕೆಳಗಿನ ಮಣ್ಣನ್ನು ಕಲ್ಟಿವೇಟರಿನಲ್ಲಿ ಸುಮಾರು 20 ಸೆಂಟಿಮೀಟರ್ ಆಳಕ್ಕೆ ಎಬ್ಬಿಸಿ. ತೀರಾ ಒಣಗಿದ್ದರೆ ಸಂಜೆ ಟ್ಯಾಂಕರಿನಲ್ಲಿ ತೆಳುವಾಗಿ ನೀರು ಚಿಮುಕಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹೆಂಟೆ ತಾನೇ ಸಡಿಲವಾಗಿರುತ್ತದೆ. ಆಗ ರೋಟವೇಟರ್ ಹೊಡೆಸಿ.

ಈಗ ಸುಣ್ಣದಲ್ಲಿ ಅರ್ಧ ಮಾತ್ರ ಹರಡಿ. ಚದರ ಮೀಟರಿಗೆ ನಾಲ್ಕೂವರೆ ಕೆ.ಜಿ. ರೋಟವೇಟರ್ ಎರಡು ಸುತ್ತು, ನೀರು, ಮತ್ತೆ ಎರಡು ಸುತ್ತು. ಮೇಲೆ ಹಗುರವಾಗಿ ಒತ್ತಿ, ಒಂದರಿಂದ ಎರಡು ದಿನ ಹಾಗೇ ಬಿಡಿ. ಈ ಬಿಡುವು ಬಹಳ ಮುಖ್ಯ. ಆಗಲೇ ಹೇಳಿದ ಮೊದಲ ಕೆಲಸ ನಡೆಯುವುದು ಈಗಲೇ. ಮೂರನೇ ದಿನ ಮುಟ್ಟಿದರೆ ಮಣ್ಣು ಕೈಗೆ ಅಂಟುವುದಿಲ್ಲ. ನಿನ್ನೆ ರೋಟವೇಟರಿಗೆ ಬಗ್ಗದ ಹೆಂಟೆ ಇವತ್ತು ಬೆರಳಿನಲ್ಲಿ ಪುಡಿಯಾಗುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಆ ಮಣ್ಣನ್ನು ಹಿಡಿ ಹಿಡಿ ತುಂಬಿಕೊಂಡು ಎಲ್ಲರಿಗೂ ತೋರಿಸಿದ್ದೆ.

ಮೂರನೇ ದಿನ ಉಳಿದ ಸುಣ್ಣ, ಅದರ ಮೇಲೆ ಬೂದಿ ಹರಡಿ ರೋಟವೇಟರ್ ನಾಲ್ಕು ಸುತ್ತಿಗೆ ಕಡಿಮೆ ಇಲ್ಲದಂತೆ ಹೊಡೆಸಿ. ಎಷ್ಟು ಪುಡಿಯಾಗಬೇಕು ಎಂಬುದಕ್ಕೂ ಅಳತೆ ಇದೆ. 26.5 ಮಿ.ಮೀ. ಜರಡಿಯಲ್ಲಿ ಎಲ್ಲವೂ ಇಳಿಯಬೇಕು, 5.6 ಮಿ.ಮೀ. ಜರಡಿಯಲ್ಲಿ 60 ಪರ್ಸೆಂಟ್ ಆದರೂ ಇಳಿಯಬೇಕು. ಒಂದು ಬಾಂಡ್ಲಿ ಮಣ್ಣು ಎತ್ತಿ ಜರಡಿ ಹಿಡಿದು ತೂಕ ಮಾಡಿ ನೋಡಿ. ಇಳಿಯದಿದ್ದರೆ ಇನ್ನೊಂದು ಸುತ್ತು. ಡೀಸೆಲ್ ಉಳಿಸುವ ಜಾಗ ಇದಲ್ಲ.

ಎಲ್ಲ ಕಡೆ ಸುಣ್ಣ ತಲುಪಿದೆಯೇ ಎಂದು ನೋಡಲು ಫಿನಾಲ್ಫ್ತಲೀನ್ ದ್ರಾವಣ ಇದೆ, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಳಸುವುದು. ಅಲ್ಲಲ್ಲಿ ಗುಂಡಿ ತೋಡಿ ಪಕ್ಕದ ಗೋಡೆಗೆ ಚಿಮುಕಿಸಿ. ಸುಣ್ಣ ಇರುವ ಕಡೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಗುಲಾಬಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಸ್ಕೇಲಿನಲ್ಲಿ ಅಳೆಯಬಹುದು. ನಡುವೆ ಕಪ್ಪು ಚುಕ್ಕೆ ಕಂಡರೆ ಅದೇ ಹೆಂಟೆ.

ನೀರಿನ ಲೆಕ್ಕಕ್ಕೆ ಹಸಿ ಮಣ್ಣು 500 ಗ್ರಾಂ ತೂಗಿ, ಬಾಣಲೆಯಲ್ಲಿ ಹುರಿದು ಮತ್ತೆ ತೂಗಿ. 430 ಗ್ರಾಂ ಉಳಿದರೆ ತೇವಾಂಶ 16 ಪರ್ಸೆಂಟ್ ಚಿಲ್ಲರೆ. ಲ್ಯಾಬಿನವರು ಹೇಳಿದ ಹದ 24 ಆದರೆ ಇನ್ನೂ 8 ಪರ್ಸೆಂಟ್ ಬೇಕು. ನಮ್ಮ 67.5 ಟನ್ ಮಣ್ಣಿಗೆ ಸುಮಾರು 5,400 ಲೀಟರ್. ಬೂದಿಯೂ ನೀರು ಕುಡಿಯುತ್ತದೆ, ಬಿಸಿಲೂ ಕುಡಿಯುತ್ತದೆ. ಎರಡು ಟ್ಯಾಂಕರ್ ಹೇಳಿಟ್ಟಿರಿ. ಬೂದಿ ಸೇರಿಸಿದ ಮಣ್ಣಿನ ಹದವನ್ನೇ ಲ್ಯಾಬಿನಲ್ಲಿ ಕೇಳಿ, ಬರೀ ಮಣ್ಣಿನದ್ದಲ್ಲ. ಹದಕ್ಕಿಂತ ಎರಡು ಪರ್ಸೆಂಟ್ ಮೇಲಾದರೆ ನಡೆಯುತ್ತದೆ, ಕೆಳಗಾಗಬಾರದು.

ಕೊನೆಯ ಸಲ ಕಲಸಿದ ಮೇಲೆ ಮೂರು ಗಂಟೆಯೊಳಗೆ ರೋಲರ್ ಮುಗಿಯಬೇಕು. ರೋಲರ್ ಬಂದು ನಿಂತ ಮೇಲೆಯೇ ನೀರು ಹಾಕಿ ಕಲಸಿ. "ಬರ್ತಾ ಇದೆ ಅಕ್ಕ, ಬೀರೂರು ದಾಟಿದೆ" ಎಂಬ ಫೋನಿನ ಮಾತು ನಂಬಿ ನಾನು ಒಂದು ಸಲ ಕಲಸಿಟ್ಟು ಸಂಜೆವರೆಗೆ ಕಾದಿದ್ದೇನೆ. 8ರಿಂದ 10 ಟನ್ ರೋಲರ್ ಸಾಕು. ಅಂಚಿನಿಂದ ನಡುವಿಗೆ ಬನ್ನಿ. ನಡು ಎತ್ತರ, ಬದಿ ತಗ್ಗು ಇರಲಿ, ನೀರು ನಿಲ್ಲಬಾರದು.

ಆಮೇಲೆ ಏಳು ದಿನ ಒದ್ದೆ ಆರಬಾರದು. ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಬೈಕ್ ಕೂಡ ಬಿಡಬೇಡಿ. ಎರಡು ಕಡೆಯೂ ಮುಳ್ಳು ಹಾಕಿ, ಇಲ್ಲದಿದ್ದರೆ ಯಾರಾದರೂ ಗಾಡಿ ಹೊಡೆದೇ ಹೊಡೆಯುತ್ತಾರೆ. ಎಂಟನೇ ದಿನ ಮೇಲೆ 10ರಿಂದ 15 ಸೆಂಟಿಮೀಟರ್ ಕೆಂಪು ಗ್ರಾವೆಲ್ ಹಾಕಿ ಹೊಡೆಸಿ. ಸುಣ್ಣ ಬೂದಿಯ ಪದರ ಎಷ್ಟು ಗಟ್ಟಿಯಾದರೂ ಚಕ್ರದ ತಿಕ್ಕಾಟಕ್ಕೆ ಪುಡಿಯೇಳುತ್ತದೆ. ಅದು ಹೊರುವ ಪದರ, ಸವೆಯುವ ಪದರ ಅಲ್ಲ.

ಬೂದಿಯ ಬದಲು ಜಿಜಿಬಿಎಸ್ ಬಳಸಿದರೂ ಕ್ರಮ ಇದೇ. ಸುಣ್ಣ 3, ಸ್ಲ್ಯಾಗ್ 9ರಿಂದ 12 ಇಟ್ಟು ಉಂಡೆ ಮಾಡಿ ನೋಡಿ.

ಮೈ, ಕಣ್ಣು, ಬಾವಿ

ಸುಣ್ಣ ಹರಡುವವರಿಗೆ ಕನ್ನಡಕ, ಗ್ಲೌಸ್, ಗಮ್‌ಬೂಟ್ ಕೊಡದೆ ಕೆಲಸ ಶುರು ಮಾಡಬೇಡಿ. ಕಣ್ಣಿಗೆ ಬಿದ್ದರೆ ಉಜ್ಜಬಾರದು. ಹದಿನೈದು ನಿಮಿಷ ಬಿಡದೆ ಶುದ್ಧ ನೀರಿನಲ್ಲಿ ತೊಳೆದು ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದಕ್ಕೆಂದೇ ಒಂದು ಕೊಡ ನೀರು ಬೇರೆ ಇಟ್ಟಿರಿ. ಬೂದಿಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಟವೆಲ್ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಕೂಲಿಗೆ ಬರುವ ಹೆಣ್ಣುಮಕ್ಕಳು "ಏನಾಗಲ್ಲ ಬಿಡಕ್ಕ" ಎನ್ನುತ್ತಾರೆ. ಬಿಡಬೇಡಿ.

ಹಾರುಬೂದಿಯಲ್ಲಿ ಆರ್ಸೆನಿಕ್, ಕ್ರೋಮಿಯಂನಂಥವು ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಸುಣ್ಣದ ಜೊತೆ ಕಟ್ಟಿಕೊಂಡ ಮೇಲೆ ಹೊರಗೆ ಬರುವುದು ಕಡಿಮೆ. ಸಡಿಲವಾಗಿ ರಾಶಿ ಹಾಕಿದ ಬೂದಿ ಮಳೆಯಲ್ಲಿ ತೊಳೆದು ನೀರಿಗೆ ಸೇರುತ್ತದೆ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್, ಕೆರೆಯ ಅಂಗಳ, ಒರತೆ ಇರುವ ಜಾಗದ ಹತ್ತಿರ ಈ ಕೆಲಸವೇ ಬೇಡ. ರಾಶಿಯ ಮೇಲೆ ಟಾರ್ಪಾಲು ಹೊದಿಸಿ. ಉಳಿದ ಬೂದಿಯನ್ನು ಹಳ್ಳಕ್ಕೆ ಸುರಿಯಬೇಡಿ, ತಂದವರಿಗೇ ವಾಪಸ್ ಕೊಡಿ.

ಮನೆ ಕಟ್ಟುವವರಿಗೆ

ಒಂದು ಅರ್ಧ ಅಡಿ ಮಣ್ಣಿಗೆ ಸುಣ್ಣ ಬೂದಿ ಹಾಕಿ ಅದರ ಮೇಲೆ ಮನೆ ಎಬ್ಬಿಸಬೇಡಿ. ಎರೆಮಣ್ಣು ಮೂರು ಮೂರೂವರೆ ಮೀಟರ್ ಆಳದವರೆಗೂ ಮಳೆಗಾಲ ಬೇಸಿಗೆಗೆ ಉಸಿರಾಡುವ ಹಾಗೆ ಏರಿ ಇಳಿಯಬಹುದು. ಅದಕ್ಕೆ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಇದೆ, ತಳದಲ್ಲಿ ಗಡ್ಡೆಯಂತೆ ಉಬ್ಬಿರುವ ಕಾಂಕ್ರೀಟ್ ಕಂಬ. ಇನ್ನೊಂದು ದಾರಿ, ಮುಂಬೈ ಐಐಟಿಯಲ್ಲಿ ಪ್ರೊಫೆಸರ್ ಆಗಿದ್ದ ಆರ್.ಕೆ. ಕಟ್ಟಿ ಅವರು ತೋರಿಸಿದ್ದು: ಎರೆಮಣ್ಣು ತೆಗೆದು, ಉಬ್ಬದ ಆದರೆ ಒಂದಕ್ಕೊಂದು ಹಿಡಿದುಕೊಳ್ಳುವ ಮಣ್ಣಿನ ಪದರ ಹಾಕುವುದು. ಮಲಪ್ರಭಾ ಕಾಲುವೆಯಲ್ಲಿ ಬಳಸಿದ್ದು ಇದನ್ನೇ. ಎರಡಕ್ಕೂ ಇಂಜಿನಿಯರ್ ಬೇಕು, ಮಣ್ಣಿನ ವರದಿ ಬೇಕು. ಮನೆಯ ಸುತ್ತಲಿನ ಅಂಗಳ, ಒಳಗಿನ ನೆಲದ ಅಡಿಪದರಕ್ಕೆ ಸುಣ್ಣ ಬೂದಿ ಧಾರಾಳವಾಗಿ ಬಳಸಿ.

ಮೊದಲ ಮಳೆಗಾಲ ಕಳೆದ ಮೇಲೆ

ದಾರಿ ಮಾಡಿ ಮರೆತುಬಿಡುವ ಹಾಗಿಲ್ಲ. ಎರೆಮಣ್ಣಿಗೆ ನೀರು ಹೊಗುವುದು ಅಂಚಿನಿಂದ. ಪದರವನ್ನು ದಾರಿಗಿಂತ ಎರಡೂ ಬದಿ ಒಂದೊಂದು ಅಡಿ ಅಗಲ ಮಾಡಿ. ಚರಂಡಿಯನ್ನು ಅಂಚಿಗೇ ತೋಡದೆ ಒಂದು ಮೀಟರ್ ದೂರ ತೋಡಿ. ದಾರಿ ಪಕ್ಕ ನೀಲಗಿರಿ ಇದ್ದರೆ ತೆಗೆಸುವುದು ಒಳ್ಳೆಯದು. ಅದು ಬೇಸಿಗೆಯಲ್ಲಿ ಒಂದು ಬದಿಯ ನೀರನ್ನು ಮಾತ್ರ ಎಳೆದು, ಆ ಬದಿ ಕುಗ್ಗಿ ಉದ್ದುದ್ದ ಬಿರುಕು ಬಿಡುತ್ತದೆ.

ಮಳೆ ನಿಂತ ಮೇಲೆ, ದೀಪಾವಳಿ ಆಸುಪಾಸಿನಲ್ಲಿ, ಒಂದು ಸಲ ಪೂರ್ತಿ ನಡೆದು ನೋಡಿ. ಗ್ರಾವೆಲ್ ಸವೆದ ಕಡೆ ತುಂಬಿಸಿ. ಎಲ್ಲಾದರೂ ಮೆತ್ತಗಾಗಿದ್ದರೆ ಅಗೆದು, ಎರಡು ಜಾಡಿಯ ಪರೀಕ್ಷೆಯನ್ನು ಮತ್ತೆ ಮಾಡಿ. ನಮ್ಮ ತೋಟದ ದಾರಿಯ ಮಣ್ಣು ಈಗ ಸೀಮೆಎಣ್ಣೆಯಲ್ಲಿ 11, ನೀರಿನಲ್ಲಿ 13ಕ್ಕೆ ನಿಲ್ಲುತ್ತದೆ. 91 ಇದ್ದದ್ದು 18ಕ್ಕೆ ಇಳಿದಿದೆ. ಹೆಂಟೆ ಉಳಿದಿದ್ದ ಆ ತುದಿಯನ್ನು ಹೋದ ಫೆಬ್ರವರಿಯಲ್ಲಿ ಅಗೆಸಿ ಹೊಸದಾಗಿ ಕಲಸಿ ಹಾಕಿದೆ. ಈ ಸಲ ಕತ್ತಲಾದ ಮೇಲೂ ಟ್ರ್ಯಾಕ್ಟರಿನ ಲೈಟ್ ಹಾಕಿಸಿ ರೋಟವೇಟರ್ ಆರು ಸುತ್ತು ಹೊಡೆಸಿದೆ. ಕೊಯ್ಲಿನ ಹೊತ್ತಿಗೆ ಅಡಿಕೆ ಗೊನೆ ತುಂಬಿದ ಟ್ರ್ಯಾಕ್ಟರ್ ಅದೇ ತುದಿಯಿಂದ ಹೊರಗೆ ಬಂತು.